ಪೆಲಗೇಯಾ ಅಜ್ಜಿಯ ಎರಡನೇ ಹಾಳೆ

ನಗೋರು ನಗಿ. ಇದು ನಡೆದದ್ದು. ಇವಾನೊವೊದಲ್ಲಿ, ನಮ್ಮ ಪಕ್ಕದ ಮನೆಯ ಕಿವಿ ಡಾಕ್ಟರ್ ತೈಸಿಯಾಗೆ.

ಚಳಿಗಾಲದ ರಾತ್ರಿ. ರೋಗಿಯೊಬ್ಬನನ್ನು ನೋಡಿಕೊಂಡು ಹಳೇ ಬಾವಿ ದಾಟಿ ಮನೆಗೆ ಬರ್ತಿದ್ದಾಳೆ. ಕಿರ್ರ್... ಕಿರ್ರ್... ಬಾವಿಯ ರಾಟೆ. ಆಮೇಲೆ ಮಂಜುಗಡ್ಡೆಗೆ ಬಕೆಟ್ ಬಡಿದ ಠಣ್.

"ಡಾಕ್ಟ್ರಮ್ಮಾ..."

ಬಾವಿ ಪಕ್ಕ ಪೆಲಗೇಯಾ ಅಜ್ಜಿ! ನಲವತ್ತು ವರ್ಷ ಗಿರಣಿಯಲ್ಲಿ ಮಗ್ಗ ನಡೆಸಿ, ಕಿವಿಯೊಳಗೆ ಹಗಲೂ ರಾತ್ರಿ ಗುಂಯ್‌ಗುಡುವ ಸದ್ದು ಹೊತ್ತುಕೊಂಡವಳು. ತೈಸಿಯಾ ತಲೆ ತಗ್ಗಿಸಿದಳು. ಹೆದರಿಕೆಗಲ್ಲ, ನಾಚಿಕೆಗೆ.

ಯಾಕೆ ಅಂತೀರಾ? ಕಿವಿಯ ಸದ್ದು ಎಷ್ಟು ಕಾಡುತ್ತೆ ಅಂತ ಕೇಳುವ ಇಂಗ್ಲಿಷಿನ ಪ್ರಶ್ನೆಪಟ್ಟಿಯನ್ನು ಅವಳು ರಷ್ಯನ್ನಿಗೆ ತಂದಿದ್ದಳು. ಪಟ್ಟಿ ಸರಿಯಿದೆಯೋ ಅಂತ ತಿಳಿಯೋಕೆ ಒಬ್ಬರನ್ನೇ ಎರಡು ವಾರ ಬಿಟ್ಟು ಮತ್ತೆ ಕೇಳಿ, ಉತ್ತರ ಹೊಂದುತ್ತಾ ನೋಡಬೇಕು. ಮೊದಲ ಸಲ ಅಜ್ಜಿ ಓದಿ ಗದರಿದ್ದಳು: "'ಅಸಹಾಯಕತೆ' ಅಂತೆ! ಇದೇನು ಕೋರ್ಟಿನ ಕಾಗದಾನ? 'ಅಳು ಬರುತ್ತಾ' ಅಂತ ಕೇಳೇ ತಾಯಿ!" ಉತ್ತರ ತಾನೇ ಬರೆದು, "ಮತ್ತೆ ಬಾ, ಎಲೆಕೋಸು ತುಂಬಿದ ಪಿರೋಗ್ ರೊಟ್ಟಿ ಸುಟ್ಟಿಡ್ತೀನಿ" ಅಂದಿದ್ದಳು.

ಆ ದಿನ ಬಂತು. ಹೊರಗೆ ಹಿಮ. ತೈಸಿಯಾಗೆ ಸೋಮಾರಿತನ. ಒಲೆ ಪಕ್ಕ ಕೂತು, ಅಜ್ಜಿಯ ಸೊಟ್ಟ ಅಕ್ಷರ ನಕಲು ಮಾಡಿ ತಾನೇ ತುಂಬಿಬಿಟ್ಟಳು. ಬಹುಪಾಲು 'ಹೌದು', ಅನುಮಾನ ಬಾರದಿರಲಿ ಅಂತ ಮೂರು ಕಡೆ 'ಕೆಲವೊಮ್ಮೆ'. ಛೀ!

"ಬರ್ಲೇ ಇಲ್ವಲ್ಲೇ?" ಅಜ್ಜಿ ಪಿಸುಗುಟ್ಟಿದಳು.

"ಅದು... ಬರ್ಕೊಂಡಿದೀನಿ ಅಜ್ಜಿ."

"ನನ್ನ ಕೇಳ್ದೇನೇ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ತೈಸಿಯಾಗೆ.

"ಈಗ ಕೇಳು."

ಪ್ರಶ್ನೆಗಳು ಬಾಯಿಪಾಠ. ತಲೆ ತಗ್ಗಿಸಿಕೊಂಡೇ ಕೇಳಿದಳು. ನಿದ್ದೆ ಕೆಡುತ್ತಾ? "ಇಲ್ಲ..." ಅಳು ಬರುತ್ತಾ? "ಇಲ್ಲ..." ಇಪ್ಪತ್ತೈದು ಪ್ರಶ್ನೆಗೂ ಇಲ್ಲ.

"ಎಲ್ಲಾ ನಿಂತೋಯ್ತು ಮಗಳೇ."

ತಲೆಯೆತ್ತಿದರೆ... ಬಾವಿ ಹತ್ತಿರ ಯಾರೂ ಇಲ್ಲ.

ಬೆಳಿಗ್ಗೆ ಅಜ್ಜಿಯ ಮನೆಗೆ ಓಡಿದಳು. ಬೀಗ. "ಅವಳನ್ನ ಮಣ್ಣು ಮಾಡಿ ತಿಂಗಳಾಯ್ತಲ್ಲಮ್ಮ" ಅಂದಳು ಎದುರು ಮನೆಯವಳು. ಅವಳು ಹೇಳಿದ ತಾರೀಖಿನಿಂದ ಲೆಕ್ಕ ಹಾಕಿದರೆ, ತೈಸಿಯಾ ಹಾಳೆ ತುಂಬಿದ್ದು ಅಜ್ಜಿ ಸತ್ತ ನಾಲ್ಕನೇ ದಿನ.

ನೇರ ಆಸ್ಪತ್ರೆಗೆ ಹೋಗಿ ಹಿರಿಯ ಡಾಕ್ಟರ್ ಗ್ಲೆಬ್ ಫೊಮಿಚ್ ಮುಂದೆ ಅತ್ತುಬಿಟ್ಟಳು. "ಪೆಲಗೇಯಾ ಅಜ್ಜಿಯ ಎರಡನೇ ಹಾಳೆ ಕಳ್ಳ ಹಾಳೆ. ನಾನೇ ಬರೆದೆ. 'ಹೌದು' ಅಂತ ಬರೆದೆ."

ಅವರು ಫೈಲು ತೆಗೆದು ನೋಡಿದರು. "ಹುಚ್ಚೇನಮ್ಮ ನಿಂಗೆ? 'ಹೌದು' ಎಲ್ಲಿದೆ ತೋರ್ಸು."

ಇಪ್ಪತ್ತೈದು ಸಾಲಿನಲ್ಲೂ, ಅಜ್ಜಿಯ ಸೊಟ್ಟ ಅಕ್ಷರದಲ್ಲಿ, 'ಇಲ್ಲ'.

ಆಣೆ ಮಾಡಿ ಹೇಳ್ತೀನಿ, ಆ ಹಾಳೆ ನಾನೇ ಕಣ್ಣಾರೆ ಕಂಡಿದೀನಿ. ಕೆಳಗಿನ ತಾರೀಖೊಂದು ಮಾತ್ರ ತೈಸಿಯಾ ಬರೆದ ಹಾಗೇ ಇದೆ.