ಬ್ರೆಟ್ಸ್‌ಹ್ಯಾಮ್ ಚರ್ಚಿನ ಬೋಳುಗೋಡೆ

ಮಾನ್ಯ ಅಧ್ಯಕ್ಷರಾದ ಸರ್ ಆಂಬ್ರೋಸ್ ಟಿಲ್ನಿಯವರೇ, ನಮ್ಮ ಪಾದ್ರಿಗಳಾದ ಕ್ರಾಂಫರ್ಡ್ ಅವರೇ, ಲಂಡನ್ನಿನಿಂದ ರೈಲು ಹತ್ತಿ ದಯಮಾಡಿಸಿರುವ ವಾಸ್ತುಶಿಲ್ಪಿ ಶ್ರೀ ಹೆಸ್ಕೆತ್ ಅವರೇ, ಈ ಶಾಲೆಯ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಳಿತಿರುವ ಬ್ರೆಟ್ಸ್‌ಹ್ಯಾಮ್‌ನ ಸಭಿಕರೇ,

ನಾನು ಜೋಬ್ ಥರ್ಲೋ. ಈ ಊರಿನ ಕಲ್ಲುಕೆಲಸದವನು. ನನ್ನಪ್ಪನೂ ಅದೇ, ಅವರಪ್ಪನೂ ಅದೇ. ಸಾವಿರದ ಎಂಟುನೂರ ಎಪ್ಪತ್ನಾಲ್ಕನೆಯ ಈ ಇಸವಿಯಲ್ಲಿ ನಮ್ಮ ಚರ್ಚಿನ ಜೀರ್ಣೋದ್ಧಾರ ಬಹುಪಾಲು ಮುಗಿದು, ಬೆಳಿಗ್ಗೆ ಬಾಗಿಲು ತೆರೆದಿದೆ. ಮಿಕ್ಕ ಗೋಡೆಗಳ ಗಾರೆಯನ್ನೆಲ್ಲ ಕೆತ್ತಿ ತೆಗೆದಾಯಿತು, ಉಳಿದಿರುವುದು ಬಲಿಪೀಠದ ಗೋಡೆಯೊಂದೇ. ಸೋಮವಾರ ಅದರ ಗಾರೆಗೂ ಉಳಿ ಬೀಳಬೇಕಂತೆ. ಕೆಲಸಗಾರರ ಪರವಾಗಿ ಶ್ರೀ ಹೆಸ್ಕೆತ್ ಅವರಿಗೆ ವಂದನೆ ಹೇಳಲು ಪಾದ್ರಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. "ಎರಡೇ ಮಾತು ಹೇಳು ಜೋಬ್, ಆಮೇಲೆ ಕೂತ್ಕೊಂಡ್ಬಿಡು" ಎಂದಿದ್ದಾರೆ. ಹಂದಿಮಾಂಸ ಚೆನ್ನಾಗಿತ್ತು, ಬಿಯರ್ ಇನ್ನೂ ಚೆನ್ನಾಗಿತ್ತು. ಅಲ್ಲಿಗೆ ಎರಡು ಮಾತು ಮುಗಿಯಿತು. ಮೂರನೆಯದಕ್ಕೆ ಕ್ಷಮೆಯಿರಲಿ.

ನಮ್ಮ ಚರ್ಚಿನ ಗೋಡೆಯ ಗಾರೆ ಯಾರಿಗೆ ಏನು ಕೇಡು ಮಾಡಿತ್ತು? ಅಜ್ಜಂದಿರು ಕುಳಿತು ಸವೆಸಿದ ಓಕ್ ಬೆಂಚುಗಳನ್ನು ಸೌದೆ ಮಾಡಿ, ವಾರ್ನಿಷ್ ವಾಸನೆಯ ಹೊಸ ಬೆಂಚು ತಂದಿರಿ, ಸುಮ್ಮನಿದ್ದೆವು. ನೆಲದ ಹಾಸುಗಲ್ಲು ಕಿತ್ತು, ಹೋಟೆಲಿನ ಪಡಸಾಲೆಯಲ್ಲಿರುವಂಥ ಬಣ್ಣದ ಬಿಲ್ಲೆ ಕೂರಿಸಿದಿರಿ, ಆಗಲೂ ಸುಮ್ಮನಿದ್ದೆವು. ಆದರೆ ಗೋಡೆ? ಹಿಂದಿನ ಕಾಲದವರು ಸತ್ಯವಂತರು, ಕಲ್ಲನ್ನು ಕಲ್ಲಾಗಿಯೇ ತೋರಿಸುತ್ತಿದ್ದರು, ಗಾರೆ ಎಂಬುದು ಆಮೇಲೆ ಬಂದ ಸೋಮಾರಿಗಳು ಮೆತ್ತಿದ ಕೊಳೆ ಎಂದು ಶ್ರೀ ಹೆಸ್ಕೆತ್ ಅವರು ಈಗಷ್ಟೇ ಅಪ್ಪಣೆ ಕೊಡಿಸಿದರು. ನೀವೆಲ್ಲ ಚಪ್ಪಾಳೆಯನ್ನೂ ತಟ್ಟಿದಿರಿ.

ಸ್ವಾಮೀ, ಆ ಸತ್ಯವಂತರು ಗೋಡೆ ಕಟ್ಟಿದ್ದೇ ಗಾರೆ ಬಳಿಯುವುದಕ್ಕೆ! ನನ್ನ ಮಾತು ನಂಬಬೇಡಿ. ಊಟವಾದ ಮೇಲೆ ಹೋಗಿ ಕಿಟಕಿ ಚೌಕಟ್ಟಿನ ಕಲ್ಲಿಗೆ ಕೈಯಿಟ್ಟು ನೋಡಿ. ಕೆತ್ತಿದ ಆ ಕಲ್ಲು ಗೋಡೆಗಿಂತ ಹೆಬ್ಬೆರಳಿನಷ್ಟು ಮುಂದೆ ಬಂದಿದೆ. ಏಕೆ? ಗೋಡೆಗೆ ಹೆಬ್ಬೆರಳು ದಪ್ಪ ಗಾರೆ ಬಿದ್ದಾಗ ಎರಡೂ ಸಮವಾಗಲೆಂದು. ಗಾರೆಯ ಅಡಿಯಲ್ಲಿರುವುದು ಹೊಲದಲ್ಲಿ ಆರಿಸಿ ತಂದ ಒಡಕು ಕಲ್ಲು. ಅದು ಗೋಡೆಯ ಒಳ ಅಂಗಿ. ಒಳ ಅಂಗಿಯಲ್ಲಿ ಯಾರಾದರೂ ಪ್ರಾರ್ಥನೆಗೆ ಬರುತ್ತಾರೆಯೇ? ಈಗ ಆ ಗೋಡೆ ನೀರು ಕುಡಿಯುತ್ತಿದೆ. ಬೆಳಿಗ್ಗೆ ಉತ್ತರದ ಗೋಡೆಗೆ ಒರಗಿ ಕುಳಿತಿದ್ದವರು ನಿಮ್ಮ ಕೋಟಿನ ಬೆನ್ನು ಮುಟ್ಟಿ ನೋಡಿಕೊಳ್ಳಿ, ಒದ್ದೆಯಾಗಿದೆಯೋ ಇಲ್ಲವೋ ನೀವೇ ಹೇಳಿ.

ಇಷ್ಟೆಲ್ಲ ಗೊತ್ತಿದ್ದವನು ಮೊದಲೇ ಏಕೆ ಹೇಳಲಿಲ್ಲ ಎಂದು ಸರ್ ಆಂಬ್ರೋಸ್ ಅವರ ಹುಬ್ಬು ಕೇಳುತ್ತಿದೆ. ಯಾರು ಕೇಳಿದರು ನನ್ನನ್ನು? ಒಂದು ಸಲ ಹೇಳಲು ಬಾಯಿ ತೆರೆದಿದ್ದೆ. ಶ್ರೀ ಹೆಸ್ಕೆತ್ ಅವರು ಹೆಗಲ ಮೇಲೆ ಕೈಯಿಟ್ಟು, "ಥರ್ಲೋ, ಈ ಜಿಲ್ಲೇಲೇ ನಿನ್ನಂಥ ಕೈ ಇನ್ನೊಂದಿಲ್ಲ ಕಣಯ್ಯಾ. ನೀನಿದ್ದೀಯ ಅಂತಲೇ ನಾನು ಲಂಡನ್ನಲ್ಲಿ ನಿದ್ದೆ ಮಾಡೋದು" ಎಂದರು. ತೆರೆದ ಬಾಯಿ ಮುಚ್ಚಿಕೊಂಡಿತು. ಮನೆಗೆ ಹೋಗಿ ಹೆಂಡತಿಗೆ ಆ ಮಾತನ್ನು ಮೂರು ಸಲ ಒಪ್ಪಿಸಿದೆ. "ಗೊತ್ತಾಯ್ತು ಬಿಡಿ, ನಿಮ್ ಕೈ ಚಿನ್ನದ್ದು. ಮೊದ್ಲು ಅದನ್ನ ತೊಳ್ಕೊಂಡು ಊಟಕ್ಕೆ ಬನ್ನಿ" ಎಂದಳು.

ಉತ್ತರದ ಗೋಡೆಯ ಮಾತು ಬಂದಿತಲ್ಲ, ಅದನ್ನು ಇಲ್ಲಿ ಎತ್ತಬಾರದೆಂದುಕೊಂಡೇ ಬಂದಿದ್ದೆ. ಹೋದ ಬೇಸಿಗೆಯಲ್ಲಿ ಅಲ್ಲಿ ಸುಣ್ಣ ಕೆರೆಯುತ್ತಿದ್ದೆ. ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಬಿಡುತ್ತಿದ್ದವು. ಅಡಿಯಲ್ಲೊಂದು ಕೆಂಪು ಗೆರೆ ಬಂತು. ಗೆರೆ ಹೆಬ್ಬೆರಳಾಯಿತು, ಹೆಬ್ಬೆರಳು ಪಾದವಾಯಿತು. ಪಾದದ ಸುತ್ತ ನೀರು, ನೀರಿನಲ್ಲಿ ಮೀನು. ಚರ್ಚು ಗುಡಿಸುವ ಡಾರ್ಕಸ್ ಅಜ್ಜಿ ಪೊರಕೆ ಹಿಡಿದು ಹಿಂದೆಯೇ ನಿಂತಿದ್ದಳು.

"ಅದೇನೋ ಜೋಬ್ ಅದು, ಕಾಲಲ್ವೇನೋ?"

"ತೇವದ ಕಲೆ ಅಜ್ಜಿ. ನೀನು ಗುಡ್ಸು."

"ಕಲೆಗೆ ಐದು ಬೆರಳಿರುತ್ತೇನೋ, ಮುಟ್ಠಾಳ?"

ಬಾಗಿಲಿನ ನೇರ ಎದುರಿಗಿದ್ದ ಆ ಪಾದ ಯಾರದೆಂದು ನನಗೆ ಗೊತ್ತಿತ್ತು. ಕೂಸು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಸಂತ ಕ್ರಿಸ್ಟೋಫರ್‌ನದು. ಅವನ ಮುಖ ನೋಡಿ ಹೊರಟವರಿಗೆ ಆ ದಿನ ದುರ್ಮರಣವಿಲ್ಲವೆಂದು ಹಿಂದಿನವರು ನಂಬಿದ್ದರು. ಗೊಬ್ಬರದ ಬೂಟಿನಲ್ಲಿ ಒಳಗೆ ಬರಲಾಗದವನಿಗೂ ಹೊಸ್ತಿಲಿನಿಂದಲೇ ಕಾಣಲೆಂದು ಅಲ್ಲಿ ಬರೆಸಿದ್ದರು. ಸಂತರ ಚಿತ್ರ ಕೂಡದೆಂದ ಆಮೇಲಿನವರು ಅದರ ಮೇಲೆ ಸುಣ್ಣ ಬಳಿಸಿದ್ದರು. ಎರಡು ದಿನ ಕೆರೆದೆ. ಮಂಡಿ ಬಂತು, ಊರುಗೋಲು ಬಂತು, ಕೂಸು ಬಂತು, ಕೊನೆಗೆ ಮುಖವೂ ಬಂತು. ಬಂದದ್ದೆಲ್ಲ ಉಳಿಯ ಬಾಯಿಗೆ ಹೋಯಿತು. ಪುಡಿಯನ್ನು ಅಜ್ಜಿ ಗುಡಿಸಿದಳು. ಅಗೋ, ಕೊನೆಯ ಬೆಂಚಿನಲ್ಲಿದ್ದಾಳೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಶ್ರೀ ಹೆಸ್ಕೆತ್ ಅವರೇ, ನಿಮ್ಮ ಮುಖ ಬಿಳಿಚಿಕೊಂಡಿದೆ. ನಿಮಗಿದು ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ನಾನೇ. ಹೇಳಿದ್ದರೆ ಕೆಲಸ ನಿಲ್ಲುತ್ತಿತ್ತು, ದೊಡ್ಡವರು ಬಂದು ಮಾತಾಡುತ್ತಿದ್ದರು, ನನ್ನ ಕೈಯನ್ನು ಯಾರು ನೋಡುತ್ತಿದ್ದರು? ನೀವು ಬಂದು ಬೋಳು ಕಲ್ಲು ನೋಡಿ "ಭೇಷ್" ಎಂದಿರಿ. ನನಗೆ ಆ ಭೇಷ್ ಬೇಕಾಗಿತ್ತು. ನಿಮ್ಮ ಮೇಲಿನ ಸಿಟ್ಟು ಇವತ್ತಿನದು. ನನ್ನ ಮೇಲಿನದು ಅದಕ್ಕಿಂತ ಹಳೆಯದು.

ಪಾದ್ರಿಗಳು ಕೂರೆಂದು ಕೈಸನ್ನೆ ಮಾಡುತ್ತಿದ್ದಾರೆ. ಕೂರುತ್ತೇನೆ. ನಿನ್ನೆ ಮಧ್ಯಾಹ್ನ ಅಳತೆಗೆಂದು ಏಣಿ ಹತ್ತಿದಾಗ, ಬಲಿಪೀಠದ ಎಡಗಡೆ ಸುಣ್ಣ ಎದ್ದಿದ್ದಲ್ಲಿ ಉಗುರಿನಿಂದ ಕೆರೆದೆ. ಅಲ್ಲೊಂದು ಕಣ್ಣಿದೆ. ತೆರೆದ ಕಣ್ಣು. ಉಳಿದ ಮುಖ ಇನ್ನೂ ಸುಣ್ಣದೊಳಗೇ ಇದೆ. ಸೋಮವಾರ ನಾನು ಉಳಿ ಹಿಡಿಯುವುದಿಲ್ಲ. ಬೇರೆ ಯಾರನ್ನಾದರೂ ಕರೆಸಬಹುದು, ಅದು ನಿಮ್ಮ ಅಧಿಕಾರ. ಆದರೆ ಈಗ ಊರಿಗೆ ಊರೇ ಕೇಳಿಸಿಕೊಂಡಿದೆ. ಗೊತ್ತಿರಲಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆ. ಹೆಸರು ಹೇಳದೆ ಚಿತ್ರ ಬರೆದು ಹೋದವನಿಗೂ ವಂದನೆ. ಡಾರ್ಕಸ್ ಅಜ್ಜಿ, ನಿನಗೆ ಸುಳ್ಳು ಹೇಳಿದೆ, ತಪ್ಪಾಯಿತು. ನಮಸ್ಕಾರ.