ನೀಲಿ ಮುಚ್ಚಳದ ಬಾಟಲಿ ಕಾಣೆಯಾದ ಬಗ್ಗೆ

ನಾನು ಶಶಿಪ್ರಭಾ ಶೆಟ್ಟಿ, ಪ್ರಾಯ 33, ಔಷಧ ಕಾಲೇಜಿನಲ್ಲಿ ಅಧ್ಯಾಪಕಿ, ವಾಸ ಉರ್ವ ಮಾರ್ಕೆಟ್ ಹಿಂಬದಿ, ಮಂಗಳೂರು. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಶ್ವಾಸಕೋಶದ ಸೋಂಕಿಗೆ ಮದ್ದನ್ನು ಜಿಲೆಟಿನ್ನಿನ ಅತಿ ಸಣ್ಣ ಕಣಗಳಲ್ಲಿ ತುಂಬಿ ಉಸಿರಿನೊಂದಿಗೆ ಒಳಗೆ ಕಳುಹಿಸುವ ಪ್ರಯೋಗವನ್ನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಸೋಂಕು ತಗಲಿಸಿದ ಮೊಲಗಳಿಗೆ ನೀಲಿ ಮುಚ್ಚಳದ ಬಾಟಲಿಯಿಂದ ಮದ್ದಿನ ಪುಡಿಯನ್ನೂ, ಹೋಲಿಕೆಗಾಗಿ ಕೆಂಪು ಮುಚ್ಚಳದ್ದರಿಂದ ಮದ್ದಿಲ್ಲದ ಖಾಲಿ ಪುಡಿಯನ್ನೂ ಊದುತ್ತಿದ್ದೆವು. ಮೊಲಗಳನ್ನು ನೋಡಿಕೊಳ್ಳುವವರು ತೊಕ್ಕೊಟ್ಟಿನ ದುಗ್ಗಪ್ಪ, ಪ್ರಾಯ 42. ಕೆಂಪಿನ ಮೊಲಗಳು ಸಾಯುವುದನ್ನು ನೋಡಲಾರದೆ ಅವರು ಅವಕ್ಕೆ ಮಾತ್ರ ಮನೆಯಿಂದ ಹರಿವೆ ಸೊಪ್ಪು ತಂದು ಹಾಕುತ್ತಿದ್ದರು. ಇದರಿಂದ ಪ್ರಯೋಗ ಕೆಡುತ್ತದೆಂದು 24-2-1986ರಂದು ಅವರಿಗೆ ತಿಳಿಯದಂತೆ ಮುಚ್ಚಳಗಳನ್ನು ಅದಲುಬದಲು ಮಾಡಿದೆನು. ಅಂದಿನಿಂದ ನೀಲಿಯಲ್ಲಿದ್ದದ್ದು ಖಾಲಿ ಪುಡಿ.

27ರಂದು ಬೆಳಿಗ್ಗೆ 11ಕ್ಕೆ ದುಗ್ಗಪ್ಪ, ಬೀಡಿ ಕಟ್ಟುವ ತನ್ನ ಹೆಂಡತಿ ಹೇಮಾಕ್ಷಿಗೆ ಎದೆಯಲ್ಲಿ ಕೀವಾಗಿದೆ, ಆಸ್ಪತ್ರೆಯ ಇಂಜೆಕ್ಷನ್ ಸಾಲುತ್ತಿಲ್ಲ, ನೀಲಿ ಬಾಟಲಿಯದ್ದು ಸ್ವಲ್ಪ ಕೊಡಬೇಕೆಂದು ಕೇಳಿದರು. ಮನುಷ್ಯರಿಗೆ ಕೊಡುವ ಹಾಗಿಲ್ಲವೆಂದೆನು. "ಎಂತ ಮೇಡಂ, ಮೊಲಕ್ಕೆ ಉಂಟು, ನನ್ನ ಹೆಂಡ್ತಿಗೆ ಇಲ್ವಾ?" ಎಂದರು. ಮುಚ್ಚಳದ ವಿಷಯ ನಾನು ಹೇಳಲಿಲ್ಲ.

3-3-1986ರಂದು 9-10ಕ್ಕೆ ನೋಡುವಾಗ ನೀಲಿ ಬಾಟಲಿ ಇರಲಿಲ್ಲ. ದುಗ್ಗಪ್ಪ ರಜೆ ಹಾಕಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. 10-30ಕ್ಕೆ ಇದೇ ಠಾಣೆಯಲ್ಲಿ ಅವರ ಹೆಸರು ಹೇಳಿ ದೂರು ಕೊಟ್ಟೆನು. ಖಾಲಿ ಪುಡಿ ಎಂದರೆ ಯಾರು ಹುಡುಕುತ್ತಾರೆಂದು "ಬೆಲೆಬಾಳುವ ಮದ್ದು" ಎಂದು ಬರೆಸಿದೆನು. ತೊಕ್ಕೊಟ್ಟಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಂದೇ ಹೋಗಿ ಒಂದು ಮಾತು ಹೇಳಬಹುದಿತ್ತು. ಖಾಲಿ ಪುಡಿಯಿಂದ ಏನಾಗುತ್ತದೆ, ಕದ್ದವರು ಅನುಭವಿಸಲಿ ಎಂದು ಸುಮ್ಮನಾದೆನು. ಎಂಥ ಹೆಂಗಸು ನಾನು!

8ರಂದು ಬೆಳಿಗ್ಗೆ 6-20ಕ್ಕೆ ಹೇಮಾಕ್ಷಿ ತೀರಿಹೋದರು. ಸುದ್ದಿ ತಿಳಿದು ಅಂದೇ 9 ಗಂಟೆಗೆ ಅವರ ಮನೆಗೆ ಹೋದೆನು. ಬೀಡಿಯ ಮೊರದ ಪಕ್ಕದಲ್ಲಿ ಆ ಬಾಟಲಿಯೂ, ಪುಡಿ ಊದಲು ಕೊಯ್ದ ಪಪ್ಪಾಯಿ ಎಲೆಯ ದಂಟೂ ಇದ್ದವು. ಐದು ದಿನ ಊದಿದ್ದಾಗಿಯೂ, ಎರಡು ಮದ್ದು ಒಟ್ಟಿಗೆ ಬೇಡವೆಂದು ಇಂಜೆಕ್ಷನ್ ನಿಲ್ಲಿಸಿದ್ದಾಗಿಯೂ ದುಗ್ಗಪ್ಪ ತಿಳಿಸಿದರು. "ನಿಮ್ಮ ಮದ್ದು ಒಳ್ಳೆದುಂಟು ಮೇಡಂ. ನಾನು ತೆಗೆದದ್ದು ತಡ ಆಯ್ತು" ಎಂದು ಕೈಮುಗಿದರು.

ಇಂದು ಬೆಳಿಗ್ಗೆ ಅವರನ್ನು ಠಾಣೆಗೆ ಕರೆತಂದರೆಂದು ಕೇಳಿ ಬಂದಿದ್ದೇನೆ. ನನ್ನ ದೂರಿನಲ್ಲಿ "ಮದ್ದು" ಎಂದಿರುವುದನ್ನು ಹೊಡೆದುಹಾಕಿ "ಖಾಲಿ ಪುಡಿ" ಎಂದು ತಿದ್ದಬೇಕು. ಅವರನ್ನು ಬಿಟ್ಟುಬಿಡಬೇಕು. ಬಾಟಲಿಯಲ್ಲಿ ಏನಿತ್ತೆಂದು ಅವರಿಗೆ ನಾನಿನ್ನೂ ಹೇಳಿಲ್ಲ.

ಮೇಲೆ ಹೇಳಿದ್ದೆಲ್ಲ ನಿಜ. ಬರೆದದ್ದನ್ನು ಓದಿ ಕೇಳಿಸಿದರು, ಸರಿಯಾಗಿದೆ. ದುಗ್ಗಪ್ಪ ಹೊರಗೆ ಆರಡಿ ದೂರದ ಬೆಂಚಿನಲ್ಲಿ ಕುಳಿತಿದ್ದುದರಿಂದ ಸ್ವರ ತಗ್ಗಿಸಿ ಓದಬೇಕೆಂದು ನಾನೇ ಕೇಳಿಕೊಂಡೆನು.

ಮಂಗಳೂರು
9-3-1986
(ಸಹಿ) ಶಶಿಪ್ರಭಾ ಶೆಟ್ಟಿ