ಗುರುವಾರ ಮೂರರಿಂದ ನಾಲ್ಕು

ಹೇಳಿಕೆ ಕೊಡುವವರು: ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಪ್ರೊಫೆಸರರಾಗಿದ್ದ ದಿವಂಗತರ ಪತ್ನಿ. ಕಾಲೇಜಿನಲ್ಲಿ ಎಲ್ಲರೂ ಕರೆಯುವುದು ‘ಮೇಷ್ಟ್ರ ಮನೆಯವರು’ ಎಂದು. ವಯಸ್ಸು: 71. ಉದ್ಯೋಗ: ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ಈಗ ನಿವೃತ್ತಿ. ವಾಸ: ಕಾಲೇಜಿನ ಹಿಂದಿನ ಗೇಟಿನಿಂದ 400 ಮೀಟರ್, ಔಷಧಿ ಅಂಗಡಿಯ ಮೇಲಿನ ಮಹಡಿ. ಮನೆಯಲ್ಲಿರುವವರ ಸಂಖ್ಯೆ: ಒಂದು.

ಠಾಣಾಧಿಕಾರಿಗಳು ಕೇಳಿದ್ದರಿಂದ, ಯಾರ ಬಲವಂತವೂ ಇಲ್ಲದೆ, ನಾನು ಬರೆಸುವುದು ಹೀಗಿದೆ. ಮೂವತ್ತೊಂದು ವರ್ಷ ಬೇರೆಯವರ ಮಾತನ್ನು ಕಿವಿಗೆ ಹಾಕಿಕೊಂಡು ಸಂಬಳ ತೆಗೆದುಕೊಂಡವಳು ನಾನು. ಯಾರು ಏನು ಹೇಳಿದರೋ ಹಾಗೇ ಬರೆಯಿರಿ, ನಯ ಮಾಡಬೇಡಿ ಎಂದು ಬರೆದುಕೊಳ್ಳುತ್ತಿರುವ ಪೇದೆಯವರಿಗೆ ಮೊದಲೇ ಹೇಳಿದ್ದೇನೆ.

ನನ್ನ ಗಂಡ ಆರು ವರ್ಷಗಳ ಹಿಂದೆ, ತಮ್ಮ 68ನೇ ವಯಸ್ಸಿನಲ್ಲಿ, ಕಾಲೇಜಿನ ಆಸ್ಪತ್ರೆಯಲ್ಲಿ ಮಧ್ಯಾಹ್ನ 2-50ಕ್ಕೆ ತೀರಿಕೊಂಡರು. ಆಗ ನಾನು ಪಕ್ಕದಲ್ಲಿರಲಿಲ್ಲ. ಹನ್ನೊಂದು ದಿನ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಹೋಗಿ ಸ್ನಾನ ಮಾಡಿ ಬಾ ಮಾರಾಯ್ತಿ, ನಾನೇನೂ ಓಡಿಹೋಗಲ್ಲ ಅಂತ ಅವರೇ ಕಳಿಸಿದ್ದರು. ಮನೆಗೆ ಬಂದೆ. ಸ್ನಾನ ಮಾಡಲಿಲ್ಲ, ಫ್ಯಾನ್ ಹಾಕಿ ಮಲಗಿಬಿಟ್ಟೆ. ಎಚ್ಚರವಾದಾಗ 3-40. ಇದನ್ನು ಏಕೆ ಬರೆಸುತ್ತಿದ್ದೇನೆ ಎಂದು ಪೇದೆ ಕೇಳಿದರು. ಮುಂದೆ ಬೇಕಾಗುತ್ತದೆ, ಬರೆಯಪ್ಪಾ ಎಂದೆ.

ಅವರ ಇಚ್ಛೆಯಂತೆ ದೇಹವನ್ನು ಅವರದೇ ವಿಭಾಗಕ್ಕೆ ಕೊಟ್ಟೆವು. ಅಲ್ಲಿ ಅವರು ಮೂವತ್ನಾಲ್ಕು ವರ್ಷ ಪಾಠ ಮಾಡಿದ್ದರು. ಎರಡು ವರ್ಷ ಕಳೆದ ಮೇಲೆ, ದೇಹದ ಅಧ್ಯಯನ ಮುಗಿಯಿತು, ಮೂಳೆಗಳನ್ನು ವಿಭಾಗದಲ್ಲಿ ಉಳಿಸಿಕೊಂಡಿದ್ದೇವೆ ಎಂದು ಕಾಗದ ಬಂತು. ಮುಂದಿನ ಗುರುವಾರ ಅವರ ಬಿಳಿ ಕೋಟಿಗೆ ಇಸ್ತ್ರಿ ಹಾಕಿ, ಮಡಚಿ, ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನ 3 ಗಂಟೆಗೆ ವಿಭಾಗದ ಮ್ಯೂಸಿಯಂಗೆ ಹೋದೆ. ಬಾಗಿಲಲ್ಲಿ ಅಟೆಂಡರ್ ಇದ್ದರು. ವಯಸ್ಸು ಈಗ 58. ನನ್ನ ಗಂಡನ ಕೈಕೆಳಗೆ ಕೆಲಸ ಕಲಿತವರು. ಎಲ್ಲಪ್ಪಾ ಅವರು ಅಂತ ಕೇಳಿದೆ. ಅವರು ಕಿಟಕಿಯ ಪಕ್ಕದ ಮೂಲೆ ತೋರಿಸಿ, ಅಲ್ಲೇ ಇದಾರೆ ಬನ್ನಿ ಅಮ್ಮಾ ಅಂದರು.

ಅಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ತೂಗುಹಾಕಿದ ಒಂದು ಅಸ್ಥಿಪಂಜರವಿತ್ತು. ಚೀಲದಿಂದ ಕೋಟು ತೆಗೆದು ನಾನು ಹತ್ತಿರ ಹೋಗುವಷ್ಟರಲ್ಲಿ ಅಟೆಂಡರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡಿಸಿಯೇಬಿಟ್ಟರು. ಗುಂಡಿಗಳನ್ನೆಲ್ಲ ಹಾಕಿ, ಕಾಲರನ್ನು ಮೇಲಕ್ಕೆತ್ತಿ, ಕತ್ತಿನ ಹತ್ತಿರ ಸೇಫ್ಟಿ ಪಿನ್ ಚುಚ್ಚಿದರು. ಅವರಿಗೇನು ಚಳಿಯೇನಪ್ಪಾ ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ. ಕೋಟಿನ ತೋಳು ಬೆರಳು ಮುಚ್ಚುವಷ್ಟು ಇಳಿದಿತ್ತು. ಅಯ್ಯೋ, ಎಷ್ಟು ಚಿಕ್ಕವರಾಗಿಬಿಟ್ಟಿದ್ದಾರೆ ಅಂದುಕೊಂಡೆ.

ಅಂದಿನಿಂದ ನಾಲ್ಕು ವರ್ಷ, ಪ್ರತಿ ಗುರುವಾರ ಮೂರರಿಂದ ನಾಲ್ಕು ಗಂಟೆಯವರೆಗೆ ನಾನು ಆ ಮೂಲೆಯಲ್ಲಿ ಮರದ ಸ್ಟೂಲಿನ ಮೇಲೆ ಕೂತಿದ್ದೇನೆ. ತಪ್ಪಿದ್ದು ಎಂಟು ಸಲ: ಮೂರು ಸಲ ಜ್ವರ, ಎರಡು ಸಲ ಕಾಲೇಜಿಗೆ ರಜೆ, ಕೊನೆಯ ಮೂರು ವಾರ ಮ್ಯೂಸಿಯಂ ದುರಸ್ತಿ. ಏನು ಮಾತಾಡುತ್ತಿದ್ದಿರಿ ಎಂದು ಠಾಣಾಧಿಕಾರಿ ಕೇಳಿದರು. ಮನೆ ಮಾತು. ಬಚ್ಚಲಿನ ನಲ್ಲಿ ಸೋರುವುದು, ಕೆಳಗಿನ ಔಷಧಿ ಅಂಗಡಿಯವರ ಜಗಳ, ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಅನ್ನುವುದು. ಮೊದಲ ವರ್ಷದ ಕೊನೆಯಲ್ಲಿ ಒಂದು ಗುರುವಾರ, ಆ ದಿನ ನಾನು ಫ್ಯಾನ್ ಹಾಕಿಕೊಂಡು ನಿದ್ದೆ ಮಾಡುತ್ತಿದ್ದೆ ರೀ, ತಪ್ಪಾಯಿತು, ಅಂತ ಹೇಳಿದೆ. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ರಾತ್ರಿ ನಿದ್ದೆ ಬರತೊಡಗಿತು. ಕ್ಷಮಿಸಿದ್ದಾರೆ ಅಂದುಕೊಂಡೆ. ವಾರದ ಉಳಿದ ಆರು ದಿನ ನನ್ನ ಗಂಟಲಿಗೆ ಕೆಲಸವಿರಲಿಲ್ಲ. ಆರು ವರ್ಷದಲ್ಲಿ ನನ್ನ ಮನೆಯ ಮೆಟ್ಟಿಲು ಹತ್ತಿದವರು ಇಬ್ಬರು, ಅದರಲ್ಲಿ ಒಬ್ಬರು ವಿಳಾಸ ತಪ್ಪಿ ಬಂದವರು.

ಎರಡು ತಿಂಗಳ ಹಿಂದೆ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಕಣ್ಣಿನ ಡಾಕ್ಟರು, ನನ್ನ ಗಂಡನ ಶಿಷ್ಯರು. ಹಳೆ ವಿದ್ಯಾರ್ಥಿಗಳ ಬಾಂಧವ್ಯ ಗಟ್ಟಿ ಮಾಡಬೇಕು, ಕಾಲೇಜಿನ ಪರಂಪರೆ ಉಳಿಸಬೇಕು ಅಂತ ಒಂದು ಗ್ಯಾಲರಿ ಮಾಡ್ತಿದೀವಿ ಮೇಡಂ, ಮೇಷ್ಟ್ರೇ ಅದರ ಕಳಶ, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸ್ತೀವಿ, ನೀವೇ ಪರದೆ ಸರಿಸಬೇಕು ಅಂದರು. ಗಾಜು ಹಾಕಿದರೆ ನಾನು ಮಾತಾಡುವುದು ಕೇಳಿಸುತ್ತಾ ಅಂತ ಕೇಳಿದೆ. ಅವರು ಜೋರಾಗಿ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ನಿನ್ನೆ, ಗುರುವಾರ, ಬೆಳಿಗ್ಗೆ 10-30ಕ್ಕೆ ಮನೆಗೆ ಕಾರು ಬಂತು. 400 ಮೀಟರಿಗೆ ಕಾರು! ಸಭಾಂಗಣದಲ್ಲಿ ಎಂಬತ್ತಕ್ಕೂ ಹೆಚ್ಚು ಡಾಕ್ಟರುಗಳಿದ್ದರು. ಕೈ ಹಿಡಿದುಕೊಂಡರು, ಕಾಲಿಗೆ ನಮಸ್ಕಾರ ಮಾಡಿದರು, ಹೇಗಿದ್ದೀರಿ ಅಂತ ಕೇಳಿ ಉತ್ತರ ಬರುವ ಮೊದಲೇ ಪಕ್ಕದವರ ಕಡೆ ತಿರುಗಿದರು. 11-20ಕ್ಕೆ ನಾನು ಪರದೆ ಸರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗೆ ಕೋಟು ಒಂದು ಗೂಟಕ್ಕೆ ಬೇರೆಯಾಗಿ ನೇತಾಡುತ್ತಿತ್ತು. ಅಸ್ಥಿಪಂಜರ ಬರಿದಾಗಿ ನಿಂತಿತ್ತು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ನನ್ನ ಗಂಡನ ಹೆಸರು.

ಇಲ್ಲಿ ಒಂದು ವಿಷಯ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವರು ನನಗೆ ಸೈಕಲ್ ಕಲಿಸುತ್ತಿದ್ದರು. ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದಾಗ ನಾನು ಹೆದರಿ ಗಕ್ಕನೆ ಬ್ರೇಕು ಹಾಕಿದೆ. ಅವರು ನನ್ನ ಮೇಲಿಂದ ಹಾರಿ ಕಲ್ಲಿನ ಮೇಲೆ ಬಿದ್ದರು. ಎಡಗಡೆ ಕಾಲರ್ ಬೋನ್, ಅಂದರೆ ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ, ಮುರಿಯಿತು. ಕೂಡಿಕೊಂಡ ಮೇಲೆ ಅಲ್ಲಿ ಹುಣಸೆ ಬೀಜದಷ್ಟು ಗಂಟು ಉಳಿಯಿತು. ನಲವತ್ತಕ್ಕೂ ಹೆಚ್ಚು ವರ್ಷ ಆ ಗಂಟಿನ ಮೇಲೆ ಕೈಯಿಟ್ಟು ಮಲಗಿದ್ದೇನೆ. ಗಾಜಿನ ಒಳಗಿದ್ದ ಎಡ ಕಾಲರ್ ಬೋನ್ ನಯವಾಗಿತ್ತು. ಗಂಟು ಇರಲಿಲ್ಲ.

ಇವರು ಅವರಲ್ಲ ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಕಾರ್ಯದರ್ಶಿ ನನ್ನ ಭುಜ ಹಿಡಿದು, ಭಾವುಕರಾಗಿದ್ದಾರೆ, ಕುರ್ಚಿ ತನ್ನಿ, ನೀರು ತನ್ನಿ ಅಂದರು. ನಾನು ಕೂರಲಿಲ್ಲ. ಹೊರಗೆ ಬಂದು 600 ಮೀಟರ್ ನಡೆದು 11-50ಕ್ಕೆ ಈ ಠಾಣೆ ತಲುಪಿ, ನನ್ನ ಗಂಡ ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟೆ. ಪೇದೆ ನಮೂನೆ ತೆಗೆದರು. ಕೊನೆಯದಾಗಿ ನೋಡಿದ್ದು ಯಾವಾಗ ಅಂತ ಕೇಳಿದರು, ಆರು ವರ್ಷದ ಹಿಂದೆ ಅಂದೆ. ಆಗ ಅವರ ಸ್ಥಿತಿ ಹೇಗಿತ್ತು ಅಂದರು, ತೀರಿಕೊಂಡಿದ್ದರು ಅಂದೆ. ಪೇದೆ ಪೆನ್ನಿಗೆ ಮುಚ್ಚಳ ಹಾಕಿ ಸಾಹೇಬರನ್ನು ಕರೆದರು. ಠಾಣಾಧಿಕಾರಿ ಮಾತ್ರ ನಗದೆ ಪೂರ್ತಿ ಕೇಳಿದರು. ಅದಕ್ಕೆ ಅವರಿಗೆ ಒಳ್ಳೆಯದಾಗಲಿ.

ಇಂದು, ಶುಕ್ರವಾರ, ಮಧ್ಯಾಹ್ನ 3 ಗಂಟೆಗೆ ಅವರು ವಿಭಾಗದ ಮುಖ್ಯಸ್ಥರನ್ನೂ ಕಾರ್ಯದರ್ಶಿಯನ್ನೂ ಅಟೆಂಡರನ್ನೂ ನನ್ನೆದುರಿಗೆ ಕರೆಸಿದರು. ಅಟೆಂಡರ್ ಕೂತ ತಕ್ಷಣ ಅತ್ತುಬಿಟ್ಟರು. ಮೇಷ್ಟ್ರು ಸಾಯುವ ಎರಡು ತಿಂಗಳ ಮುಂಚೆ ಬರೆದ ಕಾಗದವನ್ನು ಜೊತೆಗೆ ತಂದಿದ್ದ ವಿಭಾಗದ ಕಡತದಿಂದ ತೆಗೆದುಕೊಟ್ಟರು. ಅಕ್ಷರ ನನ್ನ ಗಂಡನದೇ. ತಮ್ಮ ಮೂಳೆಗಳನ್ನು ಕಟ್ಟಿ ನಿಲ್ಲಿಸಕೂಡದು, ಗಾಜಿನೊಳಗೆ ಇಡಕೂಡದು, ಮೊದಲ ವರ್ಷದ ಮಕ್ಕಳು ಓದಲು ಕೊಂಡೊಯ್ಯುವ ಮೂಳೆ ಪೆಟ್ಟಿಗೆಗೆ ಹಾಕಬೇಕು, ಕೈಯಿಂದ ಕೈಗೆ ಹೋಗಿ ಸವೆಯಬೇಕು ಎಂದು ಅದರಲ್ಲಿದೆ. ಕೊನೆಯ ಸಾಲು: ನನ್ನ ಹೆಂಡತಿಗೆ ಸಮಯ ನೋಡಿ ನಾನೇ ಹೇಳುತ್ತೇನೆ. ಸಮಯ ನೋಡುತ್ತಲೇ ಹೋದರು. ಇಡೀ ಕಾಲೇಜಿಗೆ ಪಾಠ ಹೇಳಿದವರಿಗೆ ನನ್ನೊಬ್ಬಳಿಗೆ ಹೇಳಲು ಬಾಯಿ ಬರಲಿಲ್ಲ. ನನಗೆ ಅವರ ಮೇಲೆ ಬಹಳ ಸಿಟ್ಟು ಬಂತು, ಇದನ್ನೂ ಬರೆಯಿರಿ.

ಅಟೆಂಡರ್ ಹೇಳಿದ್ದು: ನೀವು ಕೋಟು ಹಿಡ್ಕೊಂಡು ಬಂದ ಆ ಗುರುವಾರ ಬೆಳಿಗ್ಗೇನೇ ಮೇಷ್ಟ್ರನ್ನ ಎರಡು ಪೆಟ್ಟಿಗೆ ಮಾಡಿ ಕಳಿಸಿದ್ದೆ ಅಮ್ಮಾ, ಎಡಗಡೆ ಒಂದು ಹುಡುಗಿಗೆ, ಬಲಗಡೆ ಒಂದು ಹುಡುಗನಿಗೆ. ಎಲ್ಲಿ ಅವರು ಅಂತ ಕೇಳಿದ್ರಲ್ಲ, ಹಾಸ್ಟೆಲಲ್ಲಿ ಅರ್ಧರ್ಧ ಇದಾರೆ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಒಂದು ಸಲ ಬಂದು ಹೋಗ್ತೀರಿ ಅಂದ್ಕೊಂಡೆ. ನೀವು ಪ್ರತಿ ವಾರ ಬಂದ್ರಿ.

ಪ್ರತಿ ಗುರುವಾರ ಮೂರಕ್ಕೆ ಹತ್ತು ನಿಮಿಷ ಇರುವಾಗ, ಕಾಲರ್ ಬೋನ್ ನನಗೆ ಕಾಣದ ಹಾಗೆ ಆ ಪಿನ್ ಸರಿಯಾಗಿದೆಯೇ ಎಂದು ನೋಡುತ್ತಿದ್ದರಂತೆ.

ಹಾಗಾದರೆ ನಾಲ್ಕು ವರ್ಷ ರಾಂಗ್ ನಂಬರಿಗೆ ಮಾತಾಡಿದ್ದೇನೆ, ಅದೂ ಆಪರೇಟರ್ ಆಗಿದ್ದವಳು, ಎಂದೆ. ನಗು ಬರಲಿಲ್ಲ. ನಾನು ಕೇಳಿದ್ದ ಕ್ಷಮೆ ಅವರಿಗೆ ತಲುಪಿಯೇ ಇರಲಿಲ್ಲ.

3-50ಕ್ಕೆ ಎಡ ಪೆಟ್ಟಿಗೆ ಈಗ ಯಾರ ಬಳಿ ಇದೆಯೋ ಆ ಮೊದಲ ವರ್ಷದ ವಿದ್ಯಾರ್ಥಿನಿ ಹಾಸ್ಟೆಲಿನಿಂದ ಬಂದಳು. ಬಲ ಪೆಟ್ಟಿಗೆ ಓದುವ ರಜೆಯಲ್ಲಿ ಒಬ್ಬನ ಜೊತೆ ಊರಿಗೆ ಹೋಗಿದೆಯಂತೆ. ಹುಡುಗಿ ಪೆಟ್ಟಿಗೆ ತೆರೆದು ಕಾಲರ್ ಬೋನ್ ತೆಗೆದುಕೊಟ್ಟಳು. ಅದರ ಮೇಲೆ ಸ್ನಾಯು ಕೂಡುವ ಜಾಗಗಳಿಗೆ ಕೆಂಪು, ನೀಲಿ ಪೆನ್ಸಿಲಿನ ಗುರುತು. ಮುಟ್ಟಿದೆ. ಗಂಟು ಇತ್ತು. ಯಾರೋ ಜೋರಾಗಿ ಬಿದ್ದಿರಬೇಕು ಅಜ್ಜಿ, ಓದುವಾಗ ಬೆರಳು ತಾನಾಗೇ ಅಲ್ಲಿಗೆ ಹೋಗತ್ತೆ ಅಂದಳು. ನಾನೇ ಬೀಳಿಸಿದ್ದು ಕಣಮ್ಮಾ ಅಂದೆ.

ಠಾಣಾಧಿಕಾರಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. 4-10ರಿಂದ 4-16ರವರೆಗೆ ಒಳಗೆ ನಾನೂ ಆ ಮೂಳೆಯೂ ಇದ್ದೆವು. ಆಗ ಹೇಳಿದ್ದು ಈ ಹೇಳಿಕೆಗೆ ಸೇರುವುದಿಲ್ಲ.

ಬಾಗಿಲು ತೆರೆದ ಮೇಲೆ, ಹಾಗಾದರೆ ಆ ಮೂಲೆಯಲ್ಲಿದ್ದವರು ಯಾರು ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿ, ನಿನ್ನೆ ಗಾಜಿನಲ್ಲಿ ನೋಡಿದೆ ಅಜ್ಜಿ, ಸೊಂಟದ ಮೂಳೆ ಅಗಲ ಇದೆ, ಅದು ಹೆಂಗಸು, ಮೂವತ್ತು ದಾಟಿರಲಾರದು ಅಂದಳು. ವಿಭಾಗದ ಮುಖ್ಯಸ್ಥರು ಮೀಸೆ ನೀವಿಕೊಂಡರು. ಸೊಂಟ ನೋಡಿ ಮೂವತ್ತು ವರ್ಷ ಆಯ್ತು ಮೇಡಂ, ನಮ್ಮದು ಕಣ್ಣು, ಎಂದು ಕಾರ್ಯದರ್ಶಿ ಹೇಳಿದರು. ಎಂಬತ್ತು ಡಾಕ್ಟರುಗಳ ಚಪ್ಪಾಳೆ ನನಗೆ ನೆನಪಾಯಿತು. ಹಳೆಯ ದಾಸ್ತಾನು ಪುಸ್ತಕ ತರಿಸಿದರು. ನಲವತ್ತಾರು ವರ್ಷಗಳ ಹಿಂದಿನ ಪುಟದಲ್ಲಿ, ಅಸ್ಥಿಪಂಜರ ಒಂದು, ವಾರಸುದಾರರಿಲ್ಲ, ಎಂದಿತ್ತು. ಅಷ್ಟೇ.

ನನ್ನ ಗಂಡನ ಬಗ್ಗೆ ನಿನ್ನೆ ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವರು ಸಿಕ್ಕಿದ್ದಾರೆ. ಹುಡುಗಿಗೆ ಸೋಮವಾರ ಪರೀಕ್ಷೆ, ಪೆಟ್ಟಿಗೆಯನ್ನು ಅವಳೇ ಕೊಂಡೊಯ್ದಿದ್ದಾಳೆ. ಅಟೆಂಡರ್ ಮೇಲೆ ಯಾವ ಕ್ರಮವೂ ಬೇಡ. ನಾಲ್ಕು ವರ್ಷ ನನ್ನ ಬಗ್ಗೆ ಯೋಚಿಸಿದ ಮನುಷ್ಯ ಅವರೊಬ್ಬರೇ. ಸಂಘದವರಿಗೆ ಗಾಜಿನೊಳಗೆ ಏನಾದರೂ ಇಡಲೇಬೇಕಿದ್ದರೆ ಮೂಳೆ ಪೆಟ್ಟಿಗೆಗಳನ್ನು ಕೊಟ್ಟ ರಿಜಿಸ್ಟರ್ ಇಡಲಿ. ನನ್ನ ಗಂಡನನ್ನು ಕೈಯಲ್ಲಿ ಹಿಡಿದು ಓದಿದ ಮಕ್ಕಳ ಸಹಿ ಅದರಲ್ಲಿದೆ.

ಆದರೆ ನಿನ್ನೆಯ ನಮೂನೆಯನ್ನು ಹರಿಯಬಾರದು, ಹೊಸದಾಗಿ ತುಂಬಬೇಕು ಎಂದು ಕೇಳಿಕೊಂಡಿದ್ದೇನೆ. ಈ ಠಾಣೆಯಲ್ಲಾಗಲಿ ಬೇರೆ ಕಡೆಯಾಗಲಿ ಆ ಮೂಲೆಯಲ್ಲಿದ್ದವಳಿಗಾಗಿ ಯಾರಾದರೂ ಎಂದಾದರೂ ದೂರು ಕೊಟ್ಟಿದ್ದರೇ ಎಂದು ಹಳೆಯ ಪುಸ್ತಕಗಳಲ್ಲಿ ಹುಡುಕಬೇಕು. ಕೊಟ್ಟಿಲ್ಲದಿದ್ದರೆ ಇದೇ ಮೊದಲ ದೂರು. ಕಾಣೆಯಾದವರು: ಹೆಂಗಸು. ವಯಸ್ಸು: ಸುಮಾರು ಮೂವತ್ತು. ಕಾಣೆಯಾಗಿ: ನಲವತ್ತಾರು ವರ್ಷಕ್ಕೂ ಹೆಚ್ಚು. ತೊಟ್ಟಿದ್ದ ಬಟ್ಟೆ: ಬಿಳಿ ಕೋಟು, ತೋಳು ಉದ್ದ, ಕತ್ತಿನಲ್ಲಿ ಪಿನ್. ಅದನ್ನು ಅವಳಿಗೇ ಮತ್ತೆ ತೊಡಿಸಬೇಕು, ಗಾಜಿನಿಂದ ಹೊರಗೆ ತಂದು ಕಿಟಕಿಯ ಪಕ್ಕ ನಿಲ್ಲಿಸಬೇಕು. ಮುಂದಿನ ಗುರುವಾರ ಮೂರಕ್ಕೆ ನಾನು ಹೋಗುತ್ತೇನೆ. ದೂರುದಾರರಿಗೂ ಕಾಣೆಯಾದವರಿಗೂ ಸಂಬಂಧವೇನು ಎಂಬ ಕಡೆ ಏನು ಬರೆಯಲಿ ಅಮ್ಮಾ ಎಂದು ಪೇದೆ ಕೇಳಿದರು. ಗೆಳತಿ ಎಂದು ಬರೆಸಿದ್ದೇನೆ.

ಇಷ್ಟನ್ನೂ ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಡೆದದ್ದೇ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: 14, ಶುಕ್ರವಾರ, ಸಂಜೆ 5-40
ಸಹಿ: (ಮೇಷ್ಟ್ರ ಮನೆಯವರು)